ಮಾದರಿ ರೈಲಿನ ಗೂಡ್ಸ್ ಗಾಡಿಗೆ ಕೆಲಸ ಕೊಡುವುದು ಹೇಗೆ?

ಹಳಿ ಹಾಕಿದ್ದಾಯಿತು. ವೈರಿಂಗ್ ಮುಗಿಯಿತು. ಎಂಜಿನ್ ಚೆನ್ನಾಗಿ ಓಡುತ್ತಿದೆ. ಆಮೇಲೆ? ಸುಮ್ನೆ ಸುತ್ತು ಹೊಡೆಯುವ ಗಾಡಿಯನ್ನು ಎಷ್ಟು ಹೊತ್ತು ನೋಡುವುದು, ಅಲ್ವಾ?

ನಿಜವಾದ ಗೂಡ್ಸ್ ಗಾಡಿಗೆ ಕೆಲಸವಿರುತ್ತದೆ. ಇಲ್ಲಿ ಎರಡು ವ್ಯಾಗನ್ ಬಿಡಬೇಕು, ಅಲ್ಲಿಂದ ಒಂದು ಖಾಲಿ ವ್ಯಾಗನ್ ಎತ್ತಿಕೊಂಡು ಬರಬೇಕು. ಮಾದರಿ ರೈಲಿನಲ್ಲೂ ಇದನ್ನೇ ಆಡಲು ಅಮೆರಿಕದ ಹವ್ಯಾಸಿಗಳು ಪ್ರತಿ ವ್ಯಾಗನ್‌ಗೆ ಒಂದು ಕಾರ್ಡ್ ಮಾಡಿ, ಅದರ ಜೇಬಿನಲ್ಲಿ ‘ಎಲ್ಲಿಗೆ ಹೋಗಬೇಕು’ ಎಂಬ ಚೀಟಿ ಇಡುತ್ತಾ ಬಂದವರು. ಇವತ್ತಿಗೂ ತುಂಬಾ ಜನ ಹಾಗೇ ಆಡುತ್ತಾರೆ. ಅದೇ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಡುವ ತಂತ್ರಾಂಶ ಜೆಎಂಆರ್‌ಐ. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ‘ಆಪರೇಷನ್ಸ್’ ಭಾಗ ಕಲಿಯಲು ನಾನು ಹಿಡಿದ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಶುರುವಿಗೆ ನೀವು ಹಾಕಿದ ಇಡೀ ಲೇಔಟನ್ನು (ಹಳಿಗಳ ಜಾಲವನ್ನು) ತಂತ್ರಾಂಶಕ್ಕೆ ತುಂಬಿಸಲು ಹೋಗಬೇಡಿ. ವ್ಯಾಗನ್‌ಗಳನ್ನು ಜೋಡಿಸಿ ಗಾಡಿ ಮಾಡುವ ಒಂದು ಯಾರ್ಡ್, ಒಂದು ಊರು, ಊರಿನಲ್ಲಿ ವ್ಯಾಗನ್ ನಿಲ್ಲಿಸುವ ಎರಡು ಸೈಡಿಂಗ್ (ಪಕ್ಕದ ಹಳಿ), ಎಂಟು ವ್ಯಾಗನ್. ಇಷ್ಟು ಸಾಕು. ಎಂಟು ವ್ಯಾಗನ್ ಅಂದರೆ ಕಡಿಮೆಯೇನಲ್ಲ. ಬ್ರಿಟನ್ನಿನ ಹವ್ಯಾಸಿಗಳ ಮೆಚ್ಚಿನ ‘ಇಂಗಲ್‌ನೂಕ್’ ಎಂಬ ಶಂಟಿಂಗ್ (ವ್ಯಾಗನ್ ಹಿಂದೆ ಮುಂದೆ ಸರಿಸಿ ಜೋಡಿಸುವ) ಆಟ ನಡೆಯುವುದು ಎಂಟೇ ವ್ಯಾಗನ್‌ಗಳಲ್ಲಿ. ಅದರಲ್ಲಿ ಐದನ್ನು ಆರಿಸಿ ಸಾಲಾಗಿ ನಿಲ್ಲಿಸುವುದಕ್ಕೆ 6,720 ಬಗೆಗಳಿವೆ!

ಕಂಪ್ಯೂಟರ್ ಮುಂದೆ ಕೂರುವ ಮೊದಲು ಅಳತೆ ಟೇಪ್ ತೆಗೆದುಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ. ತಂತ್ರಾಂಶ ಸೈಡಿಂಗಿನ ಉದ್ದ ಕೇಳುತ್ತದೆ. ಅದೂ ನಿಜವಾದ ರೈಲಿನ ಅಡಿ ಲೆಕ್ಕದಲ್ಲಿ. ಎಚ್‌ಒ ಎಂಬ ಮಾದರಿ ಅಳತೆಯಲ್ಲಿ, ಅಂದರೆ 1:87ರಲ್ಲಿ, ಒಂದು ಅಡಿಗೆ 3.5 ಮಿಲಿಮೀಟರ್. ಹಾಗಾಗಿ ಮಿಲಿಮೀಟರ್‌ನಲ್ಲಿ ಅಳೆದು 3.5ರಿಂದ ಭಾಗಿಸಿ.

ನನ್ನ ಒಂದು ಸೈಡಿಂಗ್ 420 ಮಿಲಿಮೀಟರ್ ಇತ್ತು. ಭಾಗಿಸಿದರೆ 120 ಅಡಿ. 40 ಅಡಿಯ ಬಾಕ್ಸ್‌ಕಾರ್ (ಮುಚ್ಚಿದ ವ್ಯಾಗನ್) ಮೂರು ಸರಿಯಾಗಿ ಹಿಡಿಯುತ್ತವೆ ಅಂದುಕೊಂಡೆ. ತಂತ್ರಾಂಶ ಎರಡನ್ನು ಮಾತ್ರ ಕಳಿಸಿತು. ಎಷ್ಟು ಸಲ ಮಾಡಿದರೂ ಎರಡೇ. ಕೊನೆಗೆ ಗೊತ್ತಾಯಿತು, ಅದು ಪ್ರತಿ ವ್ಯಾಗನ್‌ಗೂ ಕಪ್ಲರ್‌ಗಾಗಿ (ವ್ಯಾಗನ್ ಜೋಡಿಸುವ ಕೊಂಡಿಗಾಗಿ) 4 ಅಡಿ ಸೇರಿಸಿಕೊಳ್ಳುತ್ತದೆ. 44ರಂತೆ ಮೂರಕ್ಕೆ 132 ಅಡಿ ಬೇಕು, ಅಂದರೆ 462 ಮಿಲಿಮೀಟರ್. ಅನುಮಾನದಿಂದ ಮೂರು ವ್ಯಾಗನ್ ಜೋಡಿಸಿ ಹಳಿಯ ಮೇಲಿಟ್ಟು ನೋಡಿದೆ. ಮೂರನೆಯದರ ಮೂಲೆ, ಹಳಿ ಕವಲೊಡೆಯುವ ಪಾಯಿಂಟಿನ ಹತ್ತಿರ, ಪಕ್ಕದ ಹಳಿಯ ದಾರಿಗೆ ಚಾಚಿಕೊಂಡಿತ್ತು. ತಂತ್ರಾಂಶದ ಲೆಕ್ಕವೇ ಸರಿ! ನೀವೂ ಅಳೆಯುವಾಗ ಪಾಯಿಂಟಿನವರೆಗೂ ಅಳೆಯಬೇಡಿ. ಪಕ್ಕದ ಹಳಿಯಲ್ಲಿ ಹೋಗುವ ಗಾಡಿಗೆ ವ್ಯಾಗನ್ ತಾಗದ ಜಾಗಕ್ಕೇ ಅಳತೆ ನಿಲ್ಲಿಸಿ.

ಈಗ ಕಂಪ್ಯೂಟರ್. ಜೆಎಂಆರ್‌ಐಗೆ ಜಾವಾ ಬೇಕು. ಎರಡನ್ನೂ ಹಾಕಿಕೊಂಡು ಜೆಎಂಆರ್‌ಐ ಜೊತೆಗೇ ಬರುವ ಪ್ಯಾನೆಲ್‌ಪ್ರೊ ತೆರೆಯಿರಿ. ಹಳಿಗೆ ಯಾವ ಸಾಧನ ಜೋಡಿಸಿದ್ದೀರಿ ಎಂದು ಅದು ಕೇಳಿದರೆ ಗಾಬರಿಯಾಗಬೇಡಿ, ಸಿಮ್ಯುಲೇಟರ್ ಆರಿಸಿ. ವ್ಯಾಗನ್ ಲೆಕ್ಕ ಇಡಲು ಹಳಿಗೆ ಒಂದು ವೈರೂ ಜೋಡಿಸಬೇಕಿಲ್ಲ. ಟೂಲ್ಸ್ ಮೆನುವಿನಲ್ಲಿ ಆಪರೇಷನ್ಸ್ ಇದೆ. ಅದರ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ರೈಲಿನ ಹೆಸರು, ಅಳತೆ ತುಂಬಿ. ದಿಕ್ಕಿಗೆ ಪೂರ್ವ, ಪಶ್ಚಿಮ ಎರಡೇ ಸಾಕು.

ಮುಂದಿನದು ಲೊಕೇಶನ್ಸ್. ಯಾರ್ಡ್ ಒಂದು, ಊರು ಒಂದು ಸೇರಿಸಿ. ಯಾರ್ಡಿಗೆ ಯಾರ್ಡ್ ಟ್ರ್ಯಾಕ್, ಊರಿನ ಕಾರ್ಖಾನೆಗಳ ಸೈಡಿಂಗ್‌ಗಳಿಗೆ ಸ್ಪರ್ ಟ್ರ್ಯಾಕ್. ಪ್ರತಿಯೊಂದಕ್ಕೂ ಅಳೆದಿಟ್ಟ ಉದ್ದ ಕೊಡಿ. ಇಲ್ಲಿ ಒಂದು ಕಡೆ ಕಣ್ಣಿಡಿ. ಹೊಸ ಟ್ರ್ಯಾಕಿನಲ್ಲಿ ಎಲ್ಲ ಬಗೆಯ ವ್ಯಾಗನ್‌ಗೂ ಟಿಕ್ ಬಿದ್ದಿರುತ್ತದೆ. ಹಾಗೇ ಬಿಟ್ಟರೆ ಹಾಲಿನ ಡೇರಿಗೆ ಕಲ್ಲಿದ್ದಲಿನ ಹಾಪರ್ ಬಂದು ನಿಲ್ಲುತ್ತದೆ. ಆ ಕಾರ್ಖಾನೆಗೆ ಬೇಕಾದ ಬಗೆಗಳನ್ನು ಮಾತ್ರ ಉಳಿಸಿ.

ಕಾರ್ಸ್ ವಿಭಾಗದಲ್ಲಿ ಒಂದೊಂದೇ ವ್ಯಾಗನ್ ದಾಖಲಿಸಿ. ಅದರ ಮೈಮೇಲೆ ಬರೆದ ರೈಲ್ವೆ ಹೆಸರು, ನಂಬರ್, ಬಗೆ, ಉದ್ದ, ಈಗ ನಿಂತಿರುವ ಜಾಗ. ವ್ಯಾಗನ್ನನ್ನು ಕೈಯಲ್ಲಿ ಹಿಡಿದು, ನಂಬರ್ ಓದಿಯೇ ಬರೆಯಿರಿ. ನೆನಪಿನಿಂದ ಬರೆದರೆ ತಪ್ಪು ಜಾಸ್ತಿ.

ರೂಟ್ ಸುಲಭ. ಯಾರ್ಡ್, ಊರು, ಮತ್ತೆ ಯಾರ್ಡ್ ಎಂದು ಮೂರು ಸಾಲು. ಪ್ರತಿ ನಿಲ್ದಾಣದಲ್ಲಿ ಎಷ್ಟು ವ್ಯಾಗನ್ ಮುಟ್ಟಬಹುದು ಎಂಬ ಮಿತಿ ಇರುತ್ತದೆ. ಊರಿಗೆ 4 ಇಡಿ. ಎರಡು ಬಿಟ್ಟು ಎರಡು ಎತ್ತಿಕೊಳ್ಳಲು ಸರಿಹೋಗುತ್ತದೆ. ಆಮೇಲೆ ಟ್ರೈನ್ಸ್‌ನಲ್ಲಿ ಒಂದು ಗಾಡಿ ಮಾಡಿ, ಈ ರೂಟ್ ಕೊಟ್ಟು, ‘ಬಿಲ್ಡ್’ ಒತ್ತಿ.

ಮೊದಲ ಸಲ ಬಿಲ್ಡ್ ಆಗದೇ ಹೋಗಬಹುದು. ಬೇಜಾರಾಗಬೇಡಿ, ಬಿಲ್ಡ್ ರಿಪೋರ್ಟ್ ತೆರೆದು ಓದಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಯಾವ ವ್ಯಾಗನ್ ಯಾವ ಟ್ರ್ಯಾಕಿಗೆ ಯಾಕೆ ಹೋಗಲಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಹೆಚ್ಚಿನ ಸಲ ಕಾರಣ ಮೂರೇ: ಜಾಗ ಸಾಲದು, ಆ ಬಗೆಗೆ ಟಿಕ್ ಇಲ್ಲ, ಆ ದಿಕ್ಕಿನ ಗಾಡಿಗೆ ಟಿಕ್ ಇಲ್ಲ. ಎಲ್ಲ ಸೈಡಿಂಗ್ ಭರ್ತಿಯಾಗಿದ್ದರೂ ಕಷ್ಟ. ಅರ್ಧದಷ್ಟು ಜಾಗ ಖಾಲಿ ಬಿಡಿ.

ಬಿಲ್ಡ್ ಆದ ಮೇಲೆ ಮ್ಯಾನಿಫೆಸ್ಟ್ ಪ್ರಿಂಟ್ ಮಾಡಿಕೊಳ್ಳಿ. ಎಲ್ಲಿ ಯಾವ ನಂಬರ್ ಎತ್ತಬೇಕು, ಎಲ್ಲಿ ಬಿಡಬೇಕು ಎಂಬ ಪಟ್ಟಿ ಅದು. ಪೆನ್ಸಿಲ್ ಹಿಡಿದು, ಒಂದೊಂದು ಕೆಲಸ ಮುಗಿದಂತೆ ಗೀಟು ಹಾಕುತ್ತಾ ಗಾಡಿ ಓಡಿಸಿ. ಆ ಅರ್ಧ ಗಂಟೆ ಹೇಗೆ ಕಳೆಯಿತು ಅಂತಲೇ ಗೊತ್ತಾಗುವುದಿಲ್ಲ.

ಕೆಲಸ ನಿಜವಾಗಿ ಮುಗಿದ ಮೇಲೆ ಮಾತ್ರ ‘ಟರ್ಮಿನೇಟ್’ ಒತ್ತಿ. ಒತ್ತಿದ ಕೂಡಲೇ ಎಲ್ಲ ವ್ಯಾಗನ್ ಹೊಸ ಜಾಗ ಸೇರಿದವು ಎಂದು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಮೇಜಿನ ಮೇಲೆ ಒಂದು, ಪರದೆಯಲ್ಲಿ ಇನ್ನೊಂದು ಆದರೆ ಮುಂದಿನ ಪಟ್ಟಿ ಪೂರ್ತಿ ಕೆಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಆಗಿಯೇ ಆಗುತ್ತದೆ. ಒಂದು ಸಂಜೆ ನನ್ನ ಟ್ಯಾಂಕ್ ಕಾರ್ ಸೈಡಿಂಗಿನಲ್ಲಿ ಇರಲೇ ಇಲ್ಲ. ಹುಡುಕಿದರೆ ಮಗಳ ಗೊಂಬೆ ಮನೆಗೆ ನೀರು ಸಾಗಿಸುತ್ತಿತ್ತು. ಇಂಥದ್ದಾದರೆ ಕಾರ್ಸ್ ಪಟ್ಟಿಗೆ ಹೋಗಿ ಆ ವ್ಯಾಗನ್ನಿನ ಜಾಗ ತಿದ್ದಿ. ಪ್ರತಿ ಸಲ ಬಿಲ್ಡ್ ಒತ್ತುವ ಮೊದಲು ಪಟ್ಟಿ ಹಿಡಿದು ಲೇಔಟ್ ಸುತ್ತ ಒಮ್ಮೆ ನೋಡಿ ಬನ್ನಿ.

ನಾಲ್ಕೈದು ಸಲ ಹೀಗೆ ಓಡಿಸಿದ ಮೇಲೆ ಸ್ಪರ್ ಟ್ರ್ಯಾಕಿಗೆ ಶೆಡ್ಯೂಲ್ ಸೇರಿಸಿ, ಅಂದರೆ ಯಾವ ಸರಕು ಬರಬೇಕು, ಯಾವುದು ಹೋಗಬೇಕು ಎಂಬ ಪಟ್ಟಿ. ಹಾಪರ್ ಕಲ್ಲಿದ್ದಲನ್ನೇ ತುಂಬಿ ಬರಬೇಕು, ಖಾಲಿಯಾಗಿ ವಾಪಸ್ ಹೊರಡಬೇಕು ಎಂದು ಆಗ ನೀವೇ ಗೊತ್ತುಮಾಡಬಹುದು.