ಕೌರವನ ಕಟ್ಟು ಬಿಚ್ಚಲು ಹೊರಟ ಭೀಮ

ತಾಳಮದ್ದಳೆಯಲ್ಲಿ, ಎಂದರೆ ವೇಷ-ಕುಣಿತವಿಲ್ಲದೆ ಭಾಗವತರ ಹಾಡು ಮತ್ತು ಕಲಾವಿದರ ಮಾತಿನಲ್ಲೇ ನಡೆಯುವ ಯಕ್ಷಗಾನ ಕೂಟದಲ್ಲಿ, ನಾನು ಹೆಚ್ಚಾಗಿ ಅರ್ಥ (ಪಾತ್ರದ ಮಾತು) ಹೇಳಿದ್ದು ಭೀಮನಿಗೆ. ಕೀಚಕವಧೆಯ ಭೀಮನಾಗಲಿ ಗದಾಯುದ್ಧದ ಭೀಮನಾಗಲಿ ನನಗೆ ಕಷ್ಟವಾಗಲಿಲ್ಲ. ಅಲ್ಲಿ ಪದ್ಯವೇ ಕೈಹಿಡಿದು ನಡೆಸುತ್ತದೆ. ಘೋಷಯಾತ್ರೆಯ ಭೀಮ ಮಾತ್ರ ವರ್ಷಗಟ್ಟಲೆ ಕಾಡಿದ.

ಗೋವುಗಳ ಎಣಿಕೆಯ ನೆಪ ಹೂಡಿ, ಕಾಡಿನಲ್ಲಿರುವ ಪಾಂಡವರೆದುರು ವೈಭವ ಮೆರೆಯಲು ಕೌರವ ದ್ವೈತವನಕ್ಕೆ ಬರುತ್ತಾನೆ. ಸರೋವರದ ಬಳಿ ಗಂಧರ್ವ ಚಿತ್ರಸೇನನೊಡನೆ ಕಾಳಗವಾಗಿ, ಕರ್ಣನೂ ರಣದಿಂದ ಹಿಮ್ಮೆಟ್ಟಿ, ಕೌರವ ರಾಣಿವಾಸದ ಸಮೇತ ಸೆರೆಯಾಗುತ್ತಾನೆ. ಅವನ ಮಂತ್ರಿಗಳು ಓಡಿ ಬರುವುದು ಧರ್ಮರಾಯನ ಬಳಿಗೆ. 'ಹೋಗಿ ಬಿಡಿಸಿಕೊಂಡು ಬಾ' ಎಂದು ಅಣ್ಣ ಹೇಳುತ್ತಾನೆ. ಹೇಳುವುದಾದರೂ ಯಾರಿಗೆ? ಭೀಮನಿಗೆ!

ಮೊದಲ ಸಲ, 'ಹೊರಗಿನವರು ಬಂದಾಗ ನಾವು ನೂರೈದು ಮಂದಿ' ಎಂದು ಧರ್ಮರಾಯ ಹೇಳಿದೊಡನೆ ತಲೆಬಾಗಿದೆ. ಕೂಟ ಮುಗಿದು ಊಟಕ್ಕೆ ಕುಳಿತಾಗ ಹಿರಿಯ ಅರ್ಥಧಾರಿಯೊಬ್ಬರು, "ನಿಮ್ಮ ಭೀಮನಿಗೆ ದ್ರೌಪದಿಯ ಮುಡಿ ಮರೆತೇಹೋಯಿತಲ್ಲ" ಎಂದರು. ತುತ್ತು ಗಂಟಲಿನಲ್ಲೇ ನಿಂತಿತು.

ಮುಂದಿನ ಸಲ ದಾರಿ ಬದಲಿಸಿದೆ. 'ಆ ತೊಡೆ ನನ್ನ ಪ್ರತಿಜ್ಞೆಯ ಸೊತ್ತು, ಗಂಧರ್ವನಿಗೆ ಬಿಟ್ಟುಕೊಡಲಾರೆ, ಅದಕ್ಕಾಗಿ ಬಿಡಿಸುತ್ತೇನೆ' ಎಂದೆ. ಸಭೆ ಚಪ್ಪಾಳೆ ತಟ್ಟಿತು. ಆದರೆ ಧರ್ಮರಾಯನ ಪಾತ್ರಧಾರಿ ಅಷ್ಟು ಹೊತ್ತು ಕರುಳಿನಿಂದ ಆಡಿದ ಮಾತು ನನ್ನ ಭೀಮನನ್ನು ಸೋಂಕಲೇ ಇಲ್ಲ. ವಾದ ಗೆದ್ದಿದ್ದೆ, ಪ್ರಸಂಗದ ಜೀವವನ್ನು ಕಳೆದಿದ್ದೆ. ಇವತ್ತಿಗೂ ಆ ಚಪ್ಪಾಳೆಯ ನೆನಪು ನನಗೆ ಹಿತವಲ್ಲ.

ಆಮೇಲೆ ವನಪರ್ವವನ್ನು ನಿಧಾನವಾಗಿ ಓದಿದೆ. ಸುದ್ದಿ ಕೇಳಿದ ಭೀಮ ಅಲ್ಲಿ ಹಿಗ್ಗುತ್ತಾನೆ. ನಾವು ಮಾಡಬೇಕಾದುದನ್ನು ಗಂಧರ್ವರು ಮಾಡಿದರು, ಕುಳಿತಲ್ಲೇ ನಮ್ಮ ಹೊರೆ ಇಳಿಯಿತು ಎನ್ನುತ್ತಾನೆ. ಚಳಿ, ಗಾಳಿ, ಬಿಸಿಲಿಗೆ ಬೆಂದವರನ್ನು ನೋಡಿ ನಲಿಯಲು ಬಂದವನಲ್ಲವೇ ಎಂಬ ಕಹಿಯೂ ಅಲ್ಲಿದೆ. ಈ ಹಿಗ್ಗನ್ನು ಪೂರ್ತಿ ಆಡಿಯೇ ಮುಂದೆ ಹೋಗಬೇಕು ಎಂದು ಅರಿವಾಯಿತು. ಆದರೆ ತಿರುವು ಎಲ್ಲಿಂದ? ಅದು ಸಿಕ್ಕಿದ್ದು ಆದಿಪರ್ವದಲ್ಲಿ. ಪ್ರಮಾಣಕೋಟಿಯಲ್ಲಿ ವಿಷವುಣ್ಣಿಸಿ, ಬಳ್ಳಿಗಳಿಂದ ಬಿಗಿದು, ಬಾಲಕ ಭೀಮನನ್ನು ಗಂಗೆಗೆ ನೂಕಿದವನು ಇದೇ ದುರ್ಯೋಧನ. ಕಟ್ಟಿಸಿಕೊಂಡ ಮೈಯ ನೋವು ಐವರಲ್ಲಿ ಯಾರಿಗಿಂತಲೂ ಚೆನ್ನಾಗಿ ಭೀಮನಿಗೆ ಗೊತ್ತು.

ಮೂರನೆಯ ಕೂಟದಲ್ಲಿ ಬೇಕಾದಷ್ಟು ಹೊತ್ತು ನಕ್ಕೆ, ಹಂಗಿಸಿದೆ. ಧರ್ಮರಾಯನಿಗೆ ಉತ್ತರ ಕೊಡಲಿಲ್ಲ. ಮಂತ್ರಿಯ ಕಡೆಗೆ ತಿರುಗಿ ಒಂದೇ ಪ್ರಶ್ನೆ ಕೇಳಿದೆ: "ಅವನನ್ನು ಹೇಗೆ ಕಟ್ಟಿದ್ದಾರೆ?"

ಮೊದಲೇ ಮಾತಾಡಿಕೊಂಡಿರಲಿಲ್ಲ. ಆ ಯುವ ಕಲಾವಿದ ಒಂದು ಕ್ಷಣ ತಡೆದು, "ಹೆಡೆಮುರಿ ಕಟ್ಟಿದ್ದಾರೆ, ಒಡೆಯಾ. ಉಸಿರಾಡಲೂ ಆಗುತ್ತಿಲ್ಲ" ಎಂದ.

ಮಾತೇ ಬಂಡವಾಳವಾದ ಕಲೆಯಲ್ಲಿ ನನಗೆ ಮಾತು ಹೊರಡಲಿಲ್ಲ. ಮದ್ದಳೆಯವರು ಕೈ ತಡೆದು ನನ್ನನ್ನೇ ನೋಡುತ್ತಿದ್ದರು. ನನ್ನ ಎಡಗೈ ತಾನಾಗಿ ಬಲಗೈಯ ಮಣಿಕಟ್ಟನ್ನು ಸವರುತ್ತಿತ್ತು.

"ನೀರಿನೊಳಗೆ ಬಳ್ಳಿ ಬಿಗಿಯುತ್ತದೆ, ಅಣ್ಣಾ. ನನಗೆ ಗೊತ್ತಿದೆ," ಎಂದೆ. "ಕಟ್ಟು ಬಿಚ್ಚಿಸುತ್ತೇನೆ. ಕ್ಷಮಿಸು ಎಂದು ಮಾತ್ರ ಹೇಳಬೇಡ."

ಭಾಗವತರು ಮುಂದಿನ ಪದ್ಯ ಎತ್ತಿದರು.