ಧಾರೆಯ ಮಂಟಪದಿಂದ ರಂಗಸ್ಥಳದವರೆಗೆ: ಮಿರರ್‌ಲೆಸ್ ಕ್ಯಾಮೆರಾದೊಂದಿಗೆ ನನ್ನ ಅನುಭವ

ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಛಾಯಾಗ್ರಹಣದ ವೃತ್ತಿಗೆ ಒಗ್ಗುತ್ತದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೆಗಾಪಿಕ್ಸೆಲ್ ಎಷ್ಟೆಂದು. ಕುಂದಾಪುರದ ಆಸುಪಾಸಿನಲ್ಲಿ ಹಗಲು ಮದುವೆ, ರಾತ್ರಿ ಯಕ್ಷಗಾನ ಎಂದು ಚಿತ್ರ ತೆಗೆದು ಜೀವನ ಸಾಗಿಸುವ ನನ್ನ ಮಟ್ಟಿಗೆ ಅದು ಕಟ್ಟಕಡೆಯ ಪ್ರಶ್ನೆ. 24 ಮೆಗಾಪಿಕ್ಸೆಲ್ಲಿನ ಚಿತ್ರ 12x36 ಇಂಚಿನ ಆಲ್ಬಮ್ ಹಾಳೆಯಲ್ಲಿ ನೆಮ್ಮದಿಯಾಗಿ ಮುದ್ರಣವಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಯಾವ ಗಿರಾಕಿಯೂ ನನ್ನಲ್ಲಿ ಕೇಳಿಲ್ಲ. ಇನ್ನೊಮ್ಮೆ ಸಿಗದ ಕ್ಷಣವನ್ನು, ನಮ್ಮ ಹಿಡಿತದಲ್ಲಿಲ್ಲದ ಬೆಳಕಿನಲ್ಲಿ, ಕ್ಯಾಮೆರಾ ಎಷ್ಟು ನಂಬಿಕೆಯಿಂದ ಹಿಡಿದುಕೊಡುತ್ತದೆ ಎಂಬುದೇ ವೃತ್ತಿಯವನು ಕೇಳಬೇಕಾದ ಪ್ರಶ್ನೆ.

2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂದಾಗಲೂ, 2013ರಲ್ಲಿ ಸೋನಿ ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಮಿರರ್‌ಲೆಸ್ ಎ7 ತಂದಾಗಲೂ ನಾನು ಹೊಸದರ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ನಾನು ಕೊಂಡದ್ದೂ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಬಗೆಯ ನಿಕಾನ್ ಡಿ750. ಅದರಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಬಹುದಿತ್ತು, ಪ್ರತಿ ಚಿತ್ರವೂ ಎರಡರಲ್ಲೂ ದಾಖಲಾಗುತ್ತಿತ್ತು. 2018ರಲ್ಲಿ ನಿಕಾನಿನ ಝಡ್6 ಬಂತಾದರೂ ಅದರಲ್ಲಿ ಒಂದೇ ಕಾರ್ಡಿಗೆ ಜಾಗ. ಮದುವೆಯ ನಡುವೆ ಕಾರ್ಡ್ ಕೆಟ್ಟರೆ ಧಾರೆಯನ್ನು ಮತ್ತೊಮ್ಮೆ ಎರೆಯಿರಿ ಎಂದು ಯಾರನ್ನೂ ಕೇಳುವಂತಿಲ್ಲವಾದ್ದರಿಂದ, 2020ರ ಕೊನೆಗೆ ಎರಡು ಕಾರ್ಡಿನ ಎರಡನೇ ಆವೃತ್ತಿ ಪ್ರಕಟವಾಗುವವರೆಗೆ ನಾನು ಕಾದೆ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಕ್ಯಾಮೆರಾ ಉಳಿದದ್ದರಲ್ಲಿ ಎಷ್ಟೇ ಒಳ್ಳೆಯದಿದ್ದರೂ ಅದನ್ನು ನಾನು ಹವ್ಯಾಸದ ಕ್ಯಾಮೆರಾ ಎಂದೇ ಎಣಿಸುತ್ತೇನೆ.

ಕೈಗೆ ಬಂದ ಮೇಲೆ ನಿಜವಾದ ವ್ಯತ್ಯಾಸ ತಿಳಿದದ್ದು ಫೋಕಸ್ಸಿನಲ್ಲಿ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸಂವೇದಕ (ಸೆನ್ಸರ್) ಬೇರೆ, ಚಿತ್ರ ಹಿಡಿಯುವ ಸಂವೇದಕ ಬೇರೆ. ಎರಡರ ನಡುವೆ ಕೂದಲೆಳೆಯಷ್ಟು ಅಂತರ ಬಂದರೂ, ಲೆನ್ಸನ್ನು ಅಗಲವಾಗಿ ತೆರೆದ ಎಫ್/1.8ರಲ್ಲಿ ಕಣ್ಣಿನ ಬದಲು ಕಿವಿಯ ಓಲೆ ಸ್ಪಷ್ಟವಾಗುತ್ತದೆ. ಹಾಗಾಗಿ ಪ್ರತಿ ಲೆನ್ಸನ್ನೂ ಆಗಾಗ ಹೊಂದಿಸಿಕೊಳ್ಳುವ ಕೆಲಸ ತಪ್ಪುತ್ತಿರಲಿಲ್ಲ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸಂವೇದಕವೇ ಫೋಕಸ್ಸನ್ನೂ ಅಳೆಯುವುದರಿಂದ ಆ ತಲೆನೋವು ಬುಡಸಮೇತ ಹೋಯಿತು. ಡಿ750ಯ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುವೆ ಗುಂಪುಗೂಡಿದ್ದವು. ಈಗಿನ 273 ಬಿಂದುಗಳು ಹೆಚ್ಚುಕಡಿಮೆ ಅಂಚಿನವರೆಗೂ ಹರಡಿವೆ. ಧಾರೆ ಗಿಂಡಿಯ ಮೂತಿಯಿಂದ ನೀರು ವಧೂವರರ ಕೈಮೇಲೆ ಬೀಳುವ ಹೊತ್ತಿಗೆ ವಾದ್ಯದವರು ಏರುದನಿಗೆ ಹೋಗಿರುತ್ತಾರೆ, ನಾಲ್ಕೂ ಕಡೆಯಿಂದ ಅಕ್ಷತೆ ಹಾರುತ್ತಿರುತ್ತದೆ, ಯಾರದೋ ತೋಳು ಮೊಬೈಲ್ ಹಿಡಿದು ನಡುವೆ ಬಂದಿರುತ್ತದೆ. ನನಗೆ ಬೇಕಾದ ಹುಡುಗಿಯ ತಾಯಿಯ ಮುಖವೋ ಚೌಕಟ್ಟಿನ ಎಡತುದಿಯಲ್ಲಿರುತ್ತದೆ. ಮೊದಲಾದರೆ ನಡುವಿನ ಬಿಂದುವಿನಲ್ಲಿ ಫೋಕಸ್ ಹಿಡಿದು ಕ್ಯಾಮೆರಾ ಹೊರಳಿಸಬೇಕಿತ್ತು, ಅಷ್ಟರಲ್ಲಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಆಗಿರುತ್ತಿತ್ತು. ಈಗ ಕ್ಯಾಮೆರಾ ಆ ಕಣ್ಣನ್ನು ತಾನೇ ಗುರುತಿಸುತ್ತದೆ. ಅಕ್ಷತೆ ಅಡ್ಡ ಹಾರಿದರೂ ಬಹುತೇಕ ಸಲ ಬಿಟ್ಟುಕೊಡುವುದಿಲ್ಲ.

ಆದರೆ ಇದೇ ಸೌಕರ್ಯ ರಂಗಸ್ಥಳದಲ್ಲಿ ಸೋಲುವುದನ್ನೂ ನೋಡಿದ್ದೇನೆ. ಸ್ತ್ರೀವೇಷ, ಪುಂಡುವೇಷಗಳ ಕಣ್ಣು ಸುಲಭವಾಗಿ ಸಿಗುತ್ತದೆ. ಬಣ್ಣದ ವೇಷ ಬಂದಿತೆಂದರೆ, ಮುಖದ ಸುತ್ತ ಬಿಳಿ ಚುಕ್ಕೆಗಳ ಚುಟ್ಟಿ, ಹಣೆ ಮೂಗುಗಳ ಮೇಲೆ ದಪ್ಪ ಬಣ್ಣ ಇರುವ ಆ ರಾಕ್ಷಸನ ಮುಖವನ್ನು ನನ್ನ ಕ್ಯಾಮೆರಾ ಮುಖವೆಂದೇ ಒಪ್ಪದೆ, ಹಿಂದೆ ಕುಳಿತ ಭಾಗವತರ ಕಡೆಗೆ ಹೊರಟುಬಿಡುತ್ತದೆ. ಅಂಥ ವೇಳೆಗೆಂದು ಮುಂಬದಿಯ ಒಂದು ಗುಂಡಿಯಲ್ಲಿ ಕಣ್ಣಿನ ಗುರುತಿಸುವಿಕೆ ನಿಂತು ಒಂದೇ ಸಣ್ಣ ಬಿಂದು ಉಳಿಯುವಂತೆ ಹೊಂದಿಸಿಟ್ಟುಕೊಂಡಿದ್ದೇನೆ. ಇಂಥ ಬದಲಾವಣೆಯನ್ನು ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಮಾಡುವಂತಿರಬೇಕು. ಮೆನುವಿನೊಳಗೆ ಇಳಿದು ಹುಡುಕುವಷ್ಟು ಪುರುಸೊತ್ತು ರಂಗದಲ್ಲಿ ಯಾರೂ ಕೊಡುವುದಿಲ್ಲ.

ಅತಿ ಹೆಚ್ಚು ಹೊಗಳಿಕೆಗೆ ಒಳಗಾಗಿರುವ, ಅಷ್ಟೇ ಅಪಾರ್ಥಕ್ಕೂ ಒಳಗಾಗಿರುವ ಗುಣವೆಂದರೆ ಸದ್ದಿಲ್ಲದ ಶಟರ್. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಅದರ ಬೆಲೆ ದೊಡ್ಡದು. ಪಾತ್ರದ ಮಾತಾಡುವ ಅರ್ಥಧಾರಿ ದನಿ ತಗ್ಗಿಸಿ ಒಂದು ಕ್ಷಣ ತಡೆದು ನಿಂತಾಗ ಹಳೆಯ ಕ್ಯಾಮೆರಾದ ಕನ್ನಡಿ ಬಡಿದುಕೊಂಡರೆ ಇಡೀ ಸಭೆ ತಿರುಗಿ ನೋಡುತ್ತದೆ. “ಆ ಟಕಟಕ ಸ್ವಲ್ಪ ನಿಲ್ಲಿಸಿ ಮಾರಾಯ್ರೆ” ಎಂದು ಹಿರಿಯರೊಬ್ಬರಿಂದ ಹೇಳಿಸಿಕೊಂಡದ್ದೂ ಉಂಟು. ಆದರೆ ಚೆಂಡೆ ಮೊಳಗುವ ಬಯಲಾಟದಲ್ಲಿ ಶಟರಿನ ಸದ್ದು ಯಾರಿಗೂ ಕೇಳಿಸದು, ಅಲ್ಲಿ ಸದ್ದಿಲ್ಲದ ಶಟರಿನಿಂದ ನಷ್ಟವೇ ಹೆಚ್ಚು. ಕಾರಣ ಸರಳ. ಸದ್ದಿಲ್ಲದ ಶಟರಿನಲ್ಲಿ ಯಾವ ಪರದೆಯೂ ಚಲಿಸದೆ ಸಂವೇದಕವೇ ಚಿತ್ರವನ್ನು ಓದಿಕೊಳ್ಳುತ್ತದೆ. ಸಾಮಾನ್ಯ ಸಂವೇದಕ ಅದನ್ನು ಒಮ್ಮೆಲೇ ಓದುವುದಿಲ್ಲ; ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಕಳೆಯುವ ಹೊತ್ತಿನಲ್ಲಿ ವೇಷಧಾರಿ ಗಿರಕಿ ಹಾರುವ ಧೀಂಗಿಣ ಹೊಡೆದರೆ ಕಿರೀಟ ಒಂದು ಕಡೆ, ಕಾಲು ಇನ್ನೊಂದು ಕಡೆ ವಾಲಿಕೊಳ್ಳುತ್ತವೆ, ಚೆಂಡೆಯ ಕೋಲು ಬಾಗುತ್ತದೆ.

ಇದಕ್ಕೆ ಬೆಳಕಿನ ಕಾಟವೂ ಸೇರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಶಟರ್ ವೇಗವನ್ನು 1/50 ಅಥವಾ 1/100ರಲ್ಲಿ ಇಟ್ಟರೆ ಪ್ರತಿ ಸಾಲಿಗೂ ಸಮನಾದ ಬೆಳಕು ಸಿಕ್ಕಿ ಪಟ್ಟೆಗಳು ಕಾಣಿಸುವುದಿಲ್ಲ. ಕುಳಿತು ಮಾತಾಡುವ ತಾಳಮದ್ದಳೆಗೆ ಈ ವೇಗ ಸಾಕು. ಸಭಾಭವನದ ಅಲಂಕಾರದ ಎಲ್‌ಇಡಿಗಳಾದರೋ ಮಂದ ಮಾಡಿದಾಗ ಇದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ಹತ್ತಿ ಆರುತ್ತವೆ, ಆಗ ವಧುವಿನ ಮುಖದ ಮೇಲೆ ತೆಳುವಾದ ಕಪ್ಪು ಗೆರೆಗಳು ಬೀಳುತ್ತವೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದು ದೊಡ್ಡ ಪಾಡು. ಆದ್ದರಿಂದ ಮದುವೆಯಲ್ಲೂ ಕುಣಿತದಲ್ಲೂ ನನ್ನದು ಯಾಂತ್ರಿಕ ಶಟರೇ. 2017ರ ಸೋನಿ ಎ9 ಪದರಪದರದ ಸಂವೇದಕದಿಂದ ಓದುವ ವೇಗವನ್ನು ಬಹಳ ಹೆಚ್ಚಿಸಿತು. 2021ರ ನಿಕಾನ್ ಝಡ್9ರಲ್ಲಿ ಆ ವೇಗದ ನಂಬಿಕೆಯ ಮೇಲೆ ಯಾಂತ್ರಿಕ ಶಟರನ್ನೇ ತೆಗೆದುಹಾಕಿದರು. 2023ರಲ್ಲಿ ಪ್ರಕಟವಾದ ಎ9ರ ಮೂರನೇ ಆವೃತ್ತಿ ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಸಂವೇದಕ ಎಷ್ಟು ಬೇಗ ಓದುತ್ತದೆ ಎಂಬ ಈ ಸಂಗತಿ ಜಾಹೀರಾತಿನ ದಪ್ಪ ಅಕ್ಷರಗಳಲ್ಲಿ ಕಾಣಿಸುವುದು ಅಪರೂಪ, ಕ್ಯಾಮೆರಾದ ಬೆಲೆ ಏರುವುದು ಮಾತ್ರ ಬಹುಮಟ್ಟಿಗೆ ಅದರಿಂದಲೇ.

ವ್ಯೂಫೈಂಡರಿನಲ್ಲಿ ಬೆಳಕಿನ ಪ್ರಮಾಣ ಮೊದಲೇ ಕಾಣಿಸುವುದು ದೊಡ್ಡ ಅನುಕೂಲ. ಬಿಳಿ ಪಂಚೆ, ಜರಿಯ ಸೀರೆ ಎರಡೂ ಒಂದೇ ಚೌಕಟ್ಟಿನಲ್ಲಿದ್ದಾಗ ಪ್ರತಿ ಚಿತ್ರದ ಬಳಿಕ ಹಿಂಬದಿಯ ಪರದೆ ನೋಡುವ ಅಭ್ಯಾಸ ತಪ್ಪಿತು. ಫ್ಲ್ಯಾಶ್ ಬಳಸುವಾಗ ಈ ಮುನ್ನೋಟವನ್ನು ನಿಲ್ಲಿಸದಿದ್ದರೆ ವ್ಯೂಫೈಂಡರ್ ಕತ್ತಲೆಯಾಗಿ ಏನೂ ಕಾಣದಾಗಬಹುದು ಎಂಬುದನ್ನು ಹೊಸಬರಿಗೆ ಹೇಳಿಕೊಡಬೇಕಾಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ಹಳೆಯದೇ ಮೇಲು. ಡಿ750ಗೆ ಕಂಪನಿ ಹೇಳುತ್ತಿದ್ದದ್ದು ಒಂದು ಚಾರ್ಜಿಗೆ 1230 ಚಿತ್ರ; ಈಗಿನದಕ್ಕೆ ವ್ಯೂಫೈಂಡರ್ ಬಳಸಿದರೆ 340. ಬಿಡದೆ ಕ್ಲಿಕ್ಕಿಸುವಾಗ ಲೆಕ್ಕಕ್ಕಿಂತ ಹೆಚ್ಚೇ ಬರುತ್ತದೆ, ಆದರೂ ಮುಹೂರ್ತಕ್ಕೆ ಮೊದಲು ಪೂರ್ತಿ ತುಂಬಿದ ಬ್ಯಾಟರಿ ಹಾಕುವುದನ್ನು ನಿಯಮ ಮಾಡಿಕೊಂಡಿದ್ದೇನೆ. ಊಟದ ಪಂಕ್ತಿ ನಡೆಯುವಾಗ ಪವರ್ ಬ್ಯಾಂಕಿನಿಂದ ಯುಎಸ್‌ಬಿ ಮೂಲಕ ಕ್ಯಾಮೆರಾದಲ್ಲೇ ಚಾರ್ಜ್ ಆಗುತ್ತದೆ. ಕನ್ನಡಿಯ ಅಡ್ಡ ಇಲ್ಲದ ಕಾರಣ ಲೆನ್ಸ್ ತೆಗೆದೊಡನೆ ಸಂವೇದಕ ಬಯಲಾಗುತ್ತದೆ. ಹೋಮದ ಹೊಗೆಯ ಬಳಿ ಲೆನ್ಸ್ ಬದಲಿಸುವ ಗೋಜೇ ಬೇಡವೆಂದು ನಾನು ಎರಡು ಕ್ಯಾಮೆರಾ ಬಾಡಿ ಹಿಡಿಯುತ್ತೇನೆ.

ಹಳೆಯ ಲೆನ್ಸುಗಳನ್ನು ಒಂದೇ ಸಲಕ್ಕೆ ಮಾರಬೇಕಾಗಿಲ್ಲ. ನಿಕಾನಿನ ಹಳೆಯ ಮೌಂಟಿನಲ್ಲಿ, ಅಂದರೆ ಲೆನ್ಸ್ ಕೂರಿಸುವ ಬಾಯಿಯಲ್ಲಿ, ಲೆನ್ಸಿಗೂ ಸಂವೇದಕಕ್ಕೂ 46.5 ಮಿಲಿಮೀಟರ್ ಅಂತರ, ಹೊಸದರಲ್ಲಿ 16. ನಡುವೆ ಅಡಾಪ್ಟರ್ ಕೂರಿಸಿದರೆ ಮೋಟಾರು ಲೆನ್ಸಿನೊಳಗೇ ಇರುವ ಎಎಫ್-ಎಸ್ ಲೆನ್ಸುಗಳು ಎಂದಿನಂತೆ ಕೆಲಸ ಮಾಡುತ್ತವೆ. ಬಾಡಿಯ ಮೋಟಾರನ್ನೇ ನೆಚ್ಚಿಕೊಂಡಿದ್ದ ನನ್ನ 85 ಎಂಎಂ ಡಿ ಸರಣಿಯ ಲೆನ್ಸಿಗೆ ಮಾತ್ರ ಕಂಪನಿಯ ಅಡಾಪ್ಟರಿನಲ್ಲಿ ಆಟೊಫೋಕಸ್ ಇಲ್ಲ. ಆದ್ದರಿಂದ ಹೊಸ ಬಾಡಿಯ ಬೆಲೆಯ ಜೊತೆಗೆ ಒಂದಾದರೂ ಹೊಸ ಲೆನ್ಸಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಕೊಳ್ಳುವ ಮೊದಲು ಬಾಡಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತಂದು, ತಾವು ಹೆಚ್ಚು ಕೆಲಸ ಮಾಡುವ ಸಭಾಭವನಕ್ಕೇ ಒಯ್ಯುವುದು ಉತ್ತಮ. ಅಲಂಕಾರದ ದೀಪಗಳನ್ನೆಲ್ಲ ಹಾಕಿಸಿ, ಖಾಲಿ ಬಿಳಿ ಗೋಡೆಯನ್ನು ಸದ್ದಿಲ್ಲದ ಶಟರಿನಲ್ಲೂ ಯಾಂತ್ರಿಕ ಶಟರಿನಲ್ಲೂ 1/100, 1/250, 1/500 ವೇಗಗಳಲ್ಲಿ ತೆಗೆಯಬೇಕು. ಪಟ್ಟೆಗಳು ಕ್ಯಾಮೆರಾದ ಪರದೆಯಲ್ಲಿ ಅಡಗಿಬಿಡುವುದರಿಂದ, ಚಿತ್ರಗಳನ್ನು ಮನೆಯ ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.