ಬೋರ್ಡೋ ಕಲಸುವ ಚೀಟಿ: ಸಿದ್ದಾಪುರದ ತೋಟದಲ್ಲಿ ನನ್ನ ಅನುಭವ

"ಓದೋಕೆ ಬಾರದವರಿಗೆ ಚೀಟಿ ಯಾಕೆ?" ಅಂತ ಅಕ್ಕಪಕ್ಕದ ತೋಟದವರು ಕೇಳಿದ್ದರು. ಈಗ ಅವರೇ ಬಂದು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಕರಿಮೆಣಸಿಗೆ ಶೇಕಡ 1ರ ಬೋರ್ಡೋ (ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಮತ್ತು ಸುಣ್ಣ ನೀರಲ್ಲಿ ಬೆರೆಸಿ ಸಿಂಪಡಿಸುವ ರೋಗದ ಔಷಧಿ) ಕಲಸುವುದು ನಿಮಗೆಲ್ಲ ಗೊತ್ತು. ನಮ್ಮ ಆಳುಗಳಿಗೂ ಗೊತ್ತಿತ್ತು. ಆದರೂ ಪ್ರತಿ ಮಳೆಗಾಲ ಒಂದೆರಡು ಬ್ಯಾರಲ್ ಕೆಡುತ್ತಿತ್ತು. ಒಮ್ಮೆ ಸುಣ್ಣ ಸಾಲದೆ ಚಿಗುರು ಸುಟ್ಟಿತು. ಇನ್ನೊಮ್ಮೆ ಸೋಸದೆ ತುಂಬಿಸಿ ನಾಜಲ್ ಕಟ್ಟಿಕೊಂಡಿತು, ಏಳೆಂಟು ಆಳುಗಳ ಅರ್ಧ ದಿನದ ಕೂಲಿ ಹೋಯಿತು. ಮೈಲುತುತ್ತ ಕಿಲೋಗೆ ಸುಮಾರು 300 ರೂಪಾಯಿ ಕೊಟ್ಟು ತಂದಿದ್ದೆವು. ಒಂದು ಬ್ಯಾರಲ್ ಚೆಲ್ಲಿದರೆ ಅದೊಂದೇ 600 ಮಣ್ಣುಪಾಲು. ಅಷ್ಟರಲ್ಲಿ ಮಳೆ ಹಿಡಿದರೆ ಮುಗೀತು, ಬಳ್ಳಿ ಒಣಗಿಸುವ ಸೊರಗು ರೋಗ ಕಾಯುತ್ತಾ?

ಮೊದಲು ಯಾವುದೋ ತರಬೇತಿಯಲ್ಲಿ ಕೊಟ್ಟ ಎರಡು ಪುಟದ ಹಾಳೆ ಗೋಡೆಗೆ ಅಂಟಿಸಿದ್ದೆವು. 'ಸೂಕ್ತ ಪ್ರಮಾಣ', 'ಚೆನ್ನಾಗಿ ಕಲಸಿ' ಅಂತೆಲ್ಲ ಇತ್ತು. ಎಷ್ಟು ಬಕೆಟ್, ಎಷ್ಟು ಹೊತ್ತು ಅಂತ ಇರಲಿಲ್ಲ. ಯಾರೂ ನೋಡಲಿಲ್ಲ.

ಆಮೇಲೆ ಮೇಸ್ತ್ರಿ ಪಕ್ಕ ನಿಂತು, ಅವನ ಕೈ ನೋಡಿಕೊಂಡೇ ಬರೆದೆ. ಒಂದು ಸಾಲಿಗೆ ಒಂದೇ ಕೆಲಸ, ಪಕ್ಕದಲ್ಲಿ ಚಿತ್ರ. ಕಿಲೋ, ಶೇಕಡ ಎಲ್ಲ ತೆಗೆದುಬಿಟ್ಟೆ. ಸ್ಟೋರಿನಲ್ಲೇ 2 ಕಿಲೋ ಮೈಲುತುತ್ತ ನೀಲಿ ಚೀಲಕ್ಕೆ, 2 ಕಿಲೋ ಸುಣ್ಣ ಬಿಳಿ ಚೀಲಕ್ಕೆ ತೂಗಿ ಕಟ್ಟುತ್ತೇವೆ. 200 ಲೀಟರ್ ಬ್ಯಾರಲ್‌ಗೆ ಒಂದು ನೀಲಿ, ಒಂದು ಬಿಳಿ. ಮೈಲುತುತ್ತ ಕರಗಿಸಿದ ನೀಲಿ ನೀರು ಸುಣ್ಣದ ನೀರಿಗೆ ಬೀಳಬೇಕು. ಅದಕ್ಕೊಂದು ದಪ್ಪ ಬಾಣ.

ಸುಣ್ಣ ಸಾಕಾಗಿದೆಯಾ ಅಂತ ಕಬ್ಬಿಣದ ಕತ್ತಿ ಅದ್ದಿ ನೋಡುವ ಕತ್ತಿ ಪರೀಕ್ಷೆ ಹಳೆ ಹಾಳೆಯ ಕೊನೆಯಲ್ಲಿತ್ತು. ಅಲ್ಲಿಗೆ ಬರುವಾಗ ಪಂಪ್ ತುಂಬಿಸಿ ಆಗಿರುತ್ತಿತ್ತು! ಅದನ್ನು ಪಂಪಿನ ಸಾಲಿಗಿಂತ ಮೇಲೆ ತಂದು ಕೆಂಪು ಗೆರೆ ಎಳೆದೆ. ಕತ್ತಿ ಅದ್ದು. ಕೆಂಪಾದರೆ ನಿಲ್ಲು. ಸುಣ್ಣ ಹಾಕು, ಮತ್ತೆ ಅದ್ದು. ಮೇಸ್ತ್ರಿ ಕತ್ತಿ ನೋಡಿ ಹೂಂ ಅನ್ನದೆ ಗೆರೆ ದಾಟುವಂತಿಲ್ಲ. ನನ್ನ ಪ್ರಕಾರ ಇಡೀ ಚೀಟಿಯ ಜೀವ ಈ ಗೆರೆ. ಸುಣ್ಣ ಹಳೆಯದಾದರೆ ಎಷ್ಟು ಜಾಸ್ತಿ ಅನ್ನುವ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ.

ಅಸ್ಸಾಮಿನಿಂದ ಹೊಸದಾಗಿ ಬಂದ ಹುಡುಗನ ಕೈಗೆ ಚೀಟಿ ಕೊಟ್ಟು, ಸುಮ್ನೆ ನಿಂತು ನೋಡಿದೆ. ಎಲ್ಲಿ ತಡವರಿಸಿದನೋ ಆ ಸಾಲು ಬದಲಿಸಿದೆ. ನಾಲ್ಕೈದು ಸಲ ಹೀಗೇ ತಿದ್ದಿದೆ. ಲ್ಯಾಮಿನೇಷನ್ ಸೇರಿ ಖರ್ಚು 200 ರೂಪಾಯಿ ಆಗಿರಬಹುದು. ಆಮೇಲೆ ಒಂದು ಬ್ಯಾರಲ್ಲೂ ಚೆಲ್ಲಿಲ್ಲ.

ಇದೇ ಹುರುಪಲ್ಲಿ ಕಾಫಿ ಒಣಗಿಸುವ ಕಣಕ್ಕೂ ಚೀಟಿ ಮಾಡಿದೆ, ನಡೆಯಲಿಲ್ಲ. ಬಿಸಿಲು, ಮೋಡ ನೋಡಿ ಕೈಯಾಡಿಸುವ ಕೆಲಸ ಸಾಲುಗಳಿಗೆ ಸಿಗಲ್ಲ. ಅಲ್ಲಿ ತೇವಾಂಶದ ಅಂಕಿ ಮಾತ್ರ ಉಳಿಸಿದ್ದೇವೆ: ಅರೇಬಿಕಾ ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಶೇಕಡ 10, ರೊಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಶೇಕಡ 11. ಈಗ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೊಳೆಯುವ ಚೀಟಿ ಬರೆಯುತ್ತಿದ್ದೇನೆ.